ಎನ್‌ಸಿಇ ಪರೀಕ್ಷೆ: ಥಿಯರಿಗಳು ಕಲಸಿಹೋಗುತ್ತಿವೆ, ಎಥಿಕ್ಸ್‌ನಲ್ಲಿ ಎರಡೆರಡು ಉತ್ತರ ಸರಿ ಕಾಣುತ್ತಿವೆ

ಮಂಜುಮುಸುಕು, ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಕೌನ್ಸೆಲಿಂಗ್ ಮಾಸ್ಟರ್ಸ್ ಆಗಿದೆ. ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಪಡೆಯಲು ಎನ್‌ಸಿಇ (ನ್ಯಾಷನಲ್ ಕೌನ್ಸೆಲರ್ ಎಕ್ಸಾಮಿನೇಷನ್) ಬರೆಯಬೇಕು. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ, ನವೆಂಬರ್-ಡಿಸೆಂಬರ್) ಮುಗಿಯುವ ತನಕ ಊರಲ್ಲೇ ಇದ್ದು ಓದುವ ಯೋಚನೆ. ತೊಂದರೆ ಎರಡು ಕಡೆ.

ಒಂದು, ಥಿಯರಿ, ಅಂದರೆ ಒಬ್ಬೊಬ್ಬ ಗುರು ಕಟ್ಟಿದ ಚಿಕಿತ್ಸಾ ಸಿದ್ಧಾಂತ. ಒಂದೊಂದನ್ನೇ ಓದಿದಾಗ ಎಲ್ಲ ಅರ್ಥವಾಗುತ್ತದೆ. ಪ್ರಶ್ನೆ ಎದುರಿಗೆ ಬಂದರೆ ಎಲ್ಲಿಸ್ ಯಾವುದು, ಬೆಕ್ ಯಾವುದು, ಬೋವೆನ್ ಯಾವುದು, ಮಿನುಚಿನ್ ಯಾವುದು ಅಂತ ತಡವರಿಸುವ ಹಾಗಾಗುತ್ತದೆ.

ಎರಡು, ಎಥಿಕ್ಸ್. ಎಸಿಎ (ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್) ನೀತಿ ಸಂಹಿತೆಯನ್ನು ಪೂರ್ತಿ ಓದಿದ್ದೇನೆ. ಆದರೂ ಕೊನೆಗೆ ಎರಡು ಆಯ್ಕೆ ಉಳಿಯುತ್ತವೆ, ಎರಡೂ ಸರಿ ಅನ್ನಿಸುತ್ತವೆ. ಉಡುಗೊರೆ, ಮದುವೆ ಕರೆಯೋಲೆ, ಮೊದಲೇ ಪರಿಚಯ ಇರುವ ಕ್ಲೈಂಟ್ ಇಂಥ ಪ್ರಶ್ನೆಗಳಲ್ಲಿ ನಮ್ಮ ಕಡೆಯ ರೂಢಿಯೇ ತಲೆಯಲ್ಲಿ ಕೂತಿರುತ್ತದೆ. ಯಾವುದಕ್ಕೆ ಎಷ್ಟು ಸಮಯ ಕೊಡಬೇಕು, ಹೇಗೆ ಓದಬೇಕು ಅಂತ ತಿಳಿದವರು ಹೇಳಿ.

ಕಾಫಿಹೂ, ಮಡಿಕೇರಿ

ಮೊದಲು ಪರೀಕ್ಷೆಯ ಅಳತೆ ನೋಡಿ, ಆಮೇಲೆ ಸಮಯ ಹಂಚಿಕೊಳ್ಳಿ. 200 ಪ್ರಶ್ನೆ, 225 ನಿಮಿಷ. ಅಂಕಕ್ಕೆ ಲೆಕ್ಕ ಆಗುವುದು 160 ಮಾತ್ರ. ಉಳಿದ 40 ಪ್ರಯೋಗಕ್ಕೆ ಸೇರಿಸಿದವು, ಯಾವುವು ಅಂತ ನಿಮಗೆ ಗೊತ್ತಾಗುವುದಿಲ್ಲ. ಆ 160ರಲ್ಲಿ ಕೌನ್ಸೆಲಿಂಗ್ ಕೌಶಲ ಮತ್ತು ವಿಧಾನಗಳಿಗೆ 48, ಕ್ಲಿನಿಕಲ್ ವಿಷಯಗಳಿಗೆ 47, ವೃತ್ತಿ ಮತ್ತು ಎಥಿಕ್ಸ್‌ಗೆ 19, ಆರಂಭದ ಸಂದರ್ಶನ, ಅಸೆಸ್‌ಮೆಂಟ್, ಡಯಾಗ್ನೋಸಿಸ್‌ಗೆ 19, ಚಿಕಿತ್ಸಾ ಯೋಜನೆಗೆ 14, ಕೌನ್ಸೆಲರ್‌ನ ಮೂಲ ಗುಣಗಳಿಗೆ 13. ಅಂದರೆ ಎಥಿಕ್ಸ್ ಅಂತ ಹಣೆಪಟ್ಟಿ ಹಚ್ಚಿದ್ದು ನೂರಕ್ಕೆ ಹನ್ನೆರಡು. ಸಂಹಿತೆಯನ್ನೇ ಉರು ಹೊಡೆಯುತ್ತಾ ಒಂದು ತಿಂಗಳು ಕಳೆಯುವವರು ಈ ಲೆಕ್ಕ ನೋಡಿರುವುದಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಪಾಸ್ ಅಂಕ ಪ್ರಶ್ನೆಪತ್ರಿಕೆಯಿಂದ ಪ್ರಶ್ನೆಪತ್ರಿಕೆಗೆ ಬದಲಾಗುತ್ತದೆ, 'ಇಷ್ಟು ಬಂದರೆ ಸಾಕು' ಅನ್ನುವ ಮಾತನ್ನು ನಂಬಬೇಡಿ.

ಥಿಯರಿ ಕಲಸಿಹೋಗುವುದಕ್ಕೆ ಕಾರಣ ಓದುವ ಕ್ರಮ. ಪುಸ್ತಕದಲ್ಲಿ ಒಂದು ಅಧ್ಯಾಯಕ್ಕೆ ಒಬ್ಬ ಗುರು: ಹುಟ್ಟು, ತತ್ವ, ತಂತ್ರ, ಟೀಕೆ. ಪರೀಕ್ಷೆ ಹಾಗೆ ಕೇಳುವುದಿಲ್ಲ. ಕ್ಲೈಂಟ್ ಒಂದು ಮಾತು ಹೇಳುತ್ತಾನೆ, ಕೌನ್ಸೆಲರ್ ಒಂದು ಮಾತು ಆಡುತ್ತಾನೆ, ಇದು ಯಾರ ದಾರಿ ಅಂತ ಕೇಳುತ್ತಾರೆ. ಆದ್ದರಿಂದ ಒಂದೇ ಕ್ಲೈಂಟ್‌ನನ್ನು ಎಲ್ಲ ಗುರುಗಳ ಮುಂದೆಯೂ ಕೂರಿಸಿ. ಕಾಫಿ ತೋಟದ ರೈಟರ್ (ಲೆಕ್ಕ ಬರೆಯುವವನು) ಒಬ್ಬ ಬಂದ ಅಂತ ಇಟ್ಟುಕೊಳ್ಳಿ: "ಈ ವಾರ ಬಟವಾಡೆ ಲೆಕ್ಕ ತಪ್ಪಿತು. ಸಾಹುಕಾರರು ಆಳುಗಳ ಎದುರೇ ಬೈದರು. ಲೆಕ್ಕ ತಪ್ಪಲೇಬಾರದಿತ್ತು. ನಾನು ಯಾವ ಕೆಲಸಕ್ಕೂ ಲಾಯಕ್ಕಿಲ್ಲ."

ರೋಜರ್ಸ್: "ಎಲ್ಲರ ಎದುರು ಹಾಗೆ ಅನ್ನಿಸಿಕೊಂಡಿದ್ದು ತುಂಬ ಅವಮಾನ ಆಗಿದೆ, ಈಗ ನಿಮ್ಮ ಮೇಲೆ ನಿಮಗೇ ನಂಬಿಕೆ ಹೋದ ಹಾಗಿದೆ." ಸಲಹೆ ಇಲ್ಲ, ತನಿಖೆ ಇಲ್ಲ, ಭಾವನೆಯನ್ನು ಹಿಡಿದು ಹಿಂದಿರುಗಿಸುವುದು ಅಷ್ಟೇ.

ಎಲ್ಲಿಸ್: "ತಪ್ಪಲೇಬಾರದು ಅಂತ ಎಲ್ಲಿ ಬರೆದಿದೆ? ತಪ್ಪದಿದ್ದರೆ ಒಳ್ಳೇದಿತ್ತು, ಸರಿ. ಒಂದು ಲೆಕ್ಕ ತಪ್ಪಿದರೆ ಇಡೀ ಮನುಷ್ಯನೇ ಕೆಲಸಕ್ಕೆ ಬಾರದವನಾಗ್ತಾನಾ?" 'ಲೇಬೇಕು', 'ಲೇಬಾರದು' ಅನ್ನುವ ಹಟದ ಮೇಲೆ ನೇರ ವಾದ.

ಬೆಕ್: "ಯಾವ ಕೆಲಸಕ್ಕೂ ಲಾಯಕ್ಕಿಲ್ಲ ಅನ್ನೋ ಯೋಚನೆಗೆ ಆಧಾರ ಏನೇನಿದೆ? ಈ ವರ್ಷ ಎಷ್ಟು ಬಟವಾಡೆ ಸರಿ ಬಂದಿತ್ತು? ಇಬ್ಬರೂ ಕೂತು ನೋಡೋಣ." ವಾದ ಇಲ್ಲ, ಜೊತೆಗೂಡಿ ಸಾಕ್ಷಿ ಹುಡುಕುವುದು. ಎಲ್ಲಿಸ್, ಬೆಕ್ ನಡುವಿನ ಹೆಚ್ಚಿನ ಪ್ರಶ್ನೆಗಳು ಈ ಒಂದು ವ್ಯತ್ಯಾಸದ ಮೇಲೇ ನಿಲ್ಲುತ್ತವೆ.

ಆಡ್ಲರ್: "ಚಿಕ್ಕಂದಿನ ನೆನಪುಗಳಲ್ಲಿ ತೀರ ಹಳೆಯದು ಒಂದು ಹೇಳಿ. ಮನೆಯಲ್ಲಿ ನೀವು ಎಷ್ಟನೆಯ ಮಗ?"

ಪರ್ಲ್ಸ್: "ಸಾಹುಕಾರರು ಈ ಖಾಲಿ ಕುರ್ಚಿಯಲ್ಲಿ ಕೂತಿದ್ದಾರೆ, ಅವರಿಗೇ ಹೇಳಿ. ಮಾತಾಡ್ತಾ ಮುಷ್ಟಿ ಬಿಗಿ ಮಾಡ್ತಿದ್ದೀರಿ, ಗಮನಿಸಿದ್ರಾ?"

ಗ್ಲಾಸರ್: "ನಿಮಗೆ ಬೇಕಾಗಿರೋದು ಏನು? ಅದಕ್ಕೆ ಈಗ ಏನು ಮಾಡ್ತಿದ್ದೀರಿ? ಅದರಿಂದ ಕೆಲಸ ಆಗ್ತಿದೆಯಾ?" ಇದೇ ಗ್ಲಾಸರ್ ದಾರಿ ಹಿಡಿದ ವುಬೋಲ್ಡಿಂಗ್ ಕಟ್ಟಿಕೊಟ್ಟ ಡಬ್ಲ್ಯುಡಿಇಪಿ ಸರಣಿ: ಬೇಕಾದ್ದು, ಮಾಡುತ್ತಿರುವುದು, ತೂಗಿ ನೋಡುವುದು, ಯೋಜನೆ. ಬಾಲ್ಯ ಕೆದಕಿದರೆ ಅದು ಗ್ಲಾಸರ್ ಅಲ್ಲ.

ಡಿ ಶೇಜರ್, ಇನ್ಸೂ ಕಿಮ್ ಬರ್ಗ್: "ನಿಮ್ಮ ಮೇಲಿನ ನಂಬಿಕೆ ಈಗ ಹತ್ತಕ್ಕೆ ಎಷ್ಟು? ಮೂರಾ? ಎರಡಕ್ಕೆ ಇಳಿಯದೆ ಮೂರರಲ್ಲಿ ನಿಂತಿರೋದು ಹೇಗೆ?"

ವೈಟ್, ಎಪ್‌ಸ್ಟನ್: "ಈ 'ಲಾಯಕ್ಕಿಲ್ಲ' ಅನ್ನೋದು ಯಾವಾಗಿಂದ ನಿಮ್ಮ ಬೆನ್ನು ಹತ್ತಿದೆ? ಅದರ ಮಾತು ನೀವು ಕೇಳದೇ ಇದ್ದ ಸಲ ಯಾವುದು?" ಸಮಸ್ಯೆಯನ್ನು ಮನುಷ್ಯನಿಂದ ಹೊರಗೆ ತೆಗೆದು ನಿಲ್ಲಿಸಿದರೆ ಅದು ನಿರೂಪಣಾ ಚಿಕಿತ್ಸೆ.

ಇಂಥ ಐದಾರು ಕ್ಲೈಂಟ್‌ಗಳನ್ನು ನೀವೇ ಬರೆದುಕೊಳ್ಳಿ. ಒಬ್ಬರಿಗೆ ಭಯ, ಒಬ್ಬರಿಗೆ ಕುಡಿತ, ಒಬ್ಬರದು ಗಂಡ ಹೆಂಡತಿ ಜಗಳ, ಒಂದು ಹದಿಹರೆಯದ ಹುಡುಗಿ. ಒಬ್ಬೊಬ್ಬರಿಗೂ ಎಂಟು ಉತ್ತರ. ಬಾಯಲ್ಲಿ ಹೇಳಿಕೊಂಡರೆ ಸಾಲದು, ಬರೆಯಬೇಕು; ಬರೆಯುವಾಗಲೇ ಯಾವುದು ಪೊಳ್ಳು ಅಂತ ಗೊತ್ತಾಗುವುದು.

ಕುಟುಂಬ ಚಿಕಿತ್ಸೆಗೂ ಇದೇ ಉಪಾಯ, ಆದರೆ ಅಲ್ಲಿ ಕೌನ್ಸೆಲರ್ ಎಲ್ಲಿ ನಿಂತಿದ್ದಾನೆ ಅಂತ ನೋಡಿ. ಬೋವೆನ್ ಕೋಚ್ ಥರ ಹೊರಗೆ, ತಣ್ಣಗೆ. ಮೂರು ತಲೆಮಾರಿನ ಜಿನೋಗ್ರಾಂ (ಕುಟುಂಬದ ಸಂಬಂಧಗಳ ನಕ್ಷೆ), ತ್ರಿಕೋನ (ಇಬ್ಬರ ನಡುವಿನ ಒತ್ತಡಕ್ಕೆ ಮೂರನೆಯವರನ್ನು ಎಳೆಯುವುದು), ಕುಟುಂಬದ ಒತ್ತಡದಲ್ಲೂ 'ನಾನು' ಅನ್ನುವುದು ಉಳಿಯುವುದು. ಮಿನುಚಿನ್ ಮನೆಯೊಳಗೆ ಸೇರಿಕೊಳ್ಳುತ್ತಾನೆ, ಜಗಳವನ್ನು ಎದುರಿಗೇ ಆಡಿಸುತ್ತಾನೆ, ಯಾರ ಪಕ್ಕ ಯಾರು ಕೂರಬೇಕು ಅಂತ ಕುರ್ಚಿ ಬದಲಿಸುತ್ತಾನೆ. ಹೇಲಿ ಆಜ್ಞೆ ಕೊಡುತ್ತಾನೆ, ಕೆಲವೊಮ್ಮೆ ಉಲ್ಟಾ ಆಜ್ಞೆ. ಸತಿರ್ ಅಂದರೆ ಮಾತಿನ ಭಂಗಿಗಳು: ಓಲೈಸುವವರು, ದೂರುವವರು, ಲೆಕ್ಕಾಚಾರದ ಮಾತಿನವರು, ಮಾತಿನ ದಿಕ್ಕು ತಪ್ಪಿಸುವವರು, ಒಳಗೂ ಹೊರಗೂ ಒಂದೇ ಇರುವವರು. ಒಕ್ಕದ (ಕೊಡವರ ಕುಲದ) ಮನೆಗಳನ್ನು ನೋಡಿ ಬೆಳೆದವರಿಗೆ ಜಿನೋಗ್ರಾಂ ಬರೆಯುವುದು ಕಷ್ಟವಲ್ಲ, ಆದರೆ ಗಡಿ ಸಡಿಲವಾದ ಕುಟುಂಬ ಮತ್ತು ಬರೀ ತುಂಬಿದ ಮನೆ ಒಂದೇ ಅಂತ ತಿಳಿಯಬೇಡಿ. ಮನೆಯಲ್ಲಿ ಎಷ್ಟು ಜನ ಅನ್ನುವುದರ ಮೇಲೆ ಮಿನುಚಿನ್ ಏನನ್ನೂ ತೀರ್ಮಾನಿಸುವುದಿಲ್ಲ, ಯಾರ ನಡುವೆ ಯಾವ ಗಡಿ ಅನ್ನುವುದೇ ಮುಖ್ಯ.

ವರ್ತನಾವಾದದಲ್ಲಿ ಹೆಚ್ಚಿನವರು ಜಾರುವುದು ಒಂದೇ ಕಡೆ: ಋಣಾತ್ಮಕ ಬಲವರ್ಧನೆಯನ್ನು ಶಿಕ್ಷೆ ಅಂದುಕೊಳ್ಳುವುದು. 'ಬಲವರ್ಧನೆ' ಅಂದಮೇಲೆ ವರ್ತನೆ ಹೆಚ್ಚುತ್ತದೆ, ಅಷ್ಟೇ. ಪಾತ್ರೆ ತೊಳೆದ ಕೂಡಲೇ ಗದರಿಕೆ ನಿಂತರೆ ಪಾತ್ರೆ ತೊಳೆಯುವುದು ಹೆಚ್ಚುತ್ತದೆ. ಅದು ಋಣಾತ್ಮಕ ಬಲವರ್ಧನೆ.

ಹಾರಂಗಿ, ಕುಶಾಲನಗರ

ಕಾಫಿಹೂ ಅಕ್ಕ ಥಿಯರಿ ಹೇಳಿಬಿಟ್ಟಿದ್ದಾರೆ, ನಾನು ಎಥಿಕ್ಸ್ ಕಡೆ ಬರುತ್ತೇನೆ.

ಎರಡು ಆಯ್ಕೆ ಸರಿ ಕಾಣುವುದು ನಿಮ್ಮ ದೋಷವಲ್ಲ, ಬಹಳ ಸಲ ಎರಡೂ ನಿಜಕ್ಕೂ ಸರಿಯೇ. ಪ್ರಶ್ನೆಯಲ್ಲಿ 'ಮೊದಲು', 'ಅತ್ಯಂತ ಸೂಕ್ತ', 'ಮುಂದಿನ ಹೆಜ್ಜೆ' ಅನ್ನುವ ಪದ ಇರುತ್ತದೆ. ಅವರು ಕೇಳುತ್ತಿರುವುದು ಸರಣಿಯನ್ನು. ಹಾಗಾಗಿ ಸಂಹಿತೆಯ ಎ ಇಂದ ಐ ತನಕದ ಒಂಬತ್ತು ವಿಭಾಗಗಳನ್ನು ಉರು ಹೊಡೆಯುವ ಬದಲು ಸರಣಿಯೊಂದನ್ನು ಗಟ್ಟಿ ಮಾಡಿಕೊಳ್ಳಿ. ಯಾರದಾದರೂ ಜೀವಕ್ಕೆ ಈಗಲೇ ಅಪಾಯ ಇದೆಯಾ? ಇದ್ದರೆ ಅದೇ ಮೊದಲು. ಇಲ್ಲದಿದ್ದರೆ, ಕಾನೂನು ಕಡ್ಡಾಯ ಮಾಡಿರುವ ವರದಿ ಯಾವುದಾದರೂ ಇದೆಯಾ, ಮಗುವಿನ ಮೇಲಿನ ದೌರ್ಜನ್ಯದ ಥರದ್ದು? ಅದೂ ಇಲ್ಲದಿದ್ದರೆ ಕ್ಲೈಂಟ್ ಜೊತೆ ಮಾತಾಡುವುದು. ಆಮೇಲೆ ಸೂಪರ್‌ವೈಸರ್ ಅಥವಾ ಸಹೋದ್ಯೋಗಿಯ ಸಲಹೆ. ಏನೇ ಮಾಡಿದರೂ ದಾಖಲೆ.

ಈ ಸರಣಿ ಕೈಯಲ್ಲಿದ್ದರೆ ತಪ್ಪು ಉತ್ತರಗಳ ಮುಖ ಪರಿಚಯವಾಗುತ್ತದೆ. 'ತಕ್ಷಣ ಬೇರೆಯವರ ಬಳಿ ಕಳಿಸಿ', 'ಕೂಡಲೇ ಲೈಸೆನ್ಸ್ ಬೋರ್ಡಿಗೆ ದೂರು ಕೊಡಿ', 'ಕೌನ್ಸೆಲಿಂಗ್ ನಿಲ್ಲಿಸಿ': ಸಣ್ಣ ಸಂಗತಿಗೆ ದೊಡ್ಡ ಕ್ರಮ ತೆಗೆದುಕೊಳ್ಳುವ ಆಯ್ಕೆ ಸಾಮಾನ್ಯವಾಗಿ ತಪ್ಪು. ಸಹೋದ್ಯೋಗಿಯ ನಡತೆ ಬಗ್ಗೆ ಅನುಮಾನ ಬಂದರೂ, ಗಂಭೀರ ಹಾನಿ ಆಗಿಲ್ಲದಿದ್ದರೆ ಮತ್ತು ಗೋಪ್ಯತೆಗೆ ಧಕ್ಕೆ ಬರದಿದ್ದರೆ, ಮೊದಲು ಅವರ ಜೊತೆ ನೇರವಾಗಿ ಮಾತು. ದೂರು ಅದರ ನಂತರ.

ಇನ್ನು ನಮ್ಮ ಕಡೆಯ ರೂಢಿಯ ವಿಷಯ. ಕೊಡಗಿನಂಥ ಸಣ್ಣ ಜಾಗದಲ್ಲಿ ಕ್ಲೈಂಟ್ ಎಲ್ಲೋ ಒಂದು ಕಡೆ ನೆಂಟರಾಗಿಯೇ ಇರುತ್ತಾರೆ, ಇಲ್ಲದಿದ್ದರೆ ಸಂತೆಯಲ್ಲಿ ಸಿಗುತ್ತಾರೆ. ಇದರಿಂದ ಓದುವವರಿಗೆ ಎರಡು ಬಗೆಯ ತಪ್ಪು. ಕೆಲವರು 'ಇದೆಲ್ಲ ಮಾಮೂಲಿ' ಅಂತ ಒಪ್ಪಿಬಿಡುತ್ತಾರೆ. ಇನ್ನು ಕೆಲವರು ಅಮೆರಿಕದ ಸಂಹಿತೆ ಅಂದರೆ ಎಲ್ಲದಕ್ಕೂ 'ಬೇಡ' ಅಂತ ತಿಳಿಯುತ್ತಾರೆ. ಹೆಚ್ಚು ಅಂಕ ಹೋಗುವುದು ಎರಡನೆಯದರಿಂದ. 2014ರ ಎಸಿಎ ಸಂಹಿತೆ ನೋಡಿ:

ಉಡುಗೊರೆಗೆ ನಿಷೇಧ ಇಲ್ಲ. ಚಿಕಿತ್ಸಾ ಸಂಬಂಧ ಹೇಗಿದೆ, ವಸ್ತುವಿನ ಬೆಲೆ ಎಷ್ಟು, ಕ್ಲೈಂಟ್ ಯಾಕೆ ಕೊಡುತ್ತಿದ್ದಾರೆ, ಕೌನ್ಸೆಲರ್ ಯಾಕೆ ತೆಗೆದುಕೊಳ್ಳಲು ಅಥವಾ ನಿರಾಕರಿಸಲು ಬಯಸುತ್ತಾರೆ, ಈ ನಾಲ್ಕನ್ನು ತೂಗಬೇಕು. ಕೆಲವು ಸಂಸ್ಕೃತಿಗಳಲ್ಲಿ ಸಣ್ಣ ಉಡುಗೊರೆ ಗೌರವದ ಗುರುತು ಅನ್ನುವುದನ್ನೂ ಅದು ಒಪ್ಪುತ್ತದೆ. ಕೊನೆಯ ಸೆಷನ್‌ಗೆ ಒಂದು ಬಾಟಲಿ ಜೇನು ತಂದರೆ ಒಂದು ಉತ್ತರ. ಮೂರನೇ ಸೆಷನ್‌ಗೆ ಚಿನ್ನದ ಉಂಗುರ ತಂದು, "ನನ್ನ ಡಿವೋರ್ಸ್ ಕೇಸಿಗೆ ಒಂದು ಪತ್ರ ಬರೆದುಕೊಡಿ" ಅಂದರೆ ಇನ್ನೊಂದು ಉತ್ತರ.

ಮದುವೆಗೂ ಅಷ್ಟೇ. ಕ್ಲೈಂಟ್‌ನ ಮದುವೆ, ಪದವಿ ಸಮಾರಂಭಕ್ಕೆ ಹೋಗುವುದನ್ನು ಗಡಿ ವಿಸ್ತರಿಸುವ ಉದಾಹರಣೆಯಾಗಿ ಸಂಹಿತೆಯೇ ಹೆಸರಿಸುತ್ತದೆ. ಷರತ್ತು: ಲಾಭ ಹಾನಿ ತೂಗಬೇಕು, ಕ್ಲೈಂಟ್ ಜೊತೆ ಮೊದಲೇ ಮಾತಾಡಬೇಕು, ಸಲಹೆ ಪಡೆಯಬೇಕು, ಕಾರಣವನ್ನು ದಾಖಲಿಸಬೇಕು. ಕೊಡವ ಸಮಾಜದಲ್ಲಿ ನಡೆಯುವ ಮದುವೆಯಲ್ಲಿ ಯಾರಾದರೂ "ಇವರು ಯಾರು?" ಅಂತ ಕೇಳಿದರೆ ಏನು ಹೇಳುವುದು ಅಂತ ಹಿಂದಿನ ಸೆಷನ್‌ನಲ್ಲೇ ತೀರ್ಮಾನ ಆಗಿರಬೇಕು. ಆಯ್ಕೆಗಳಲ್ಲಿ 'ಹೋಗುವ ಬಗ್ಗೆ ಕ್ಲೈಂಟ್ ಜೊತೆ ಚರ್ಚಿಸಿ' ಅನ್ನುವುದು ಇದ್ದರೆ ಬಹುತೇಕ ಅದೇ.

ಫೀಸಿನ ಬದಲು ಕಾಫಿ ಬೀಜ ಕೊಡುತ್ತೇನೆ ಅಂದರೆ? ವಿನಿಮಯಕ್ಕೂ ದಾರಿ ಇದೆ: ಕೇಳಿದ್ದು ಕ್ಲೈಂಟ್ ಆಗಿರಬೇಕು, ಶೋಷಣೆ ಅಥವಾ ಹಾನಿ ಆಗಬಾರದು, ಆ ಸಮುದಾಯದ ವೃತ್ತಿಪರರಲ್ಲಿ ಅದು ಒಪ್ಪಿತ ರೂಢಿಯಾಗಿರಬೇಕು. ಬರಹದಲ್ಲಿ ಒಪ್ಪಂದ ಬೇಕು.

ಚೌಕಾಸಿಯೇ ಇಲ್ಲದ್ದು ಲೈಂಗಿಕ ಸಂಬಂಧ. ಈಗಿನ ಕ್ಲೈಂಟ್, ಅವರ ಸಂಗಾತಿ, ಅವರ ಕುಟುಂಬದವರು ಯಾರ ಜೊತೆಗೂ ಇಲ್ಲ. ಹಳೆಯ ಕ್ಲೈಂಟ್ ಆದರೆ ಕೊನೆಯ ವೃತ್ತಿ ಸಂಪರ್ಕದಿಂದ 5 ವರ್ಷ. ಮನಶ್ಶಾಸ್ತ್ರಜ್ಞರ ಎಪಿಎ ಸಂಹಿತೆಯ 2 ವರ್ಷವನ್ನು ಇಲ್ಲಿ ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಐದು ವರ್ಷ ಆದಮೇಲೂ ಶೋಷಣೆ ಆಗುವುದಿಲ್ಲ ಅಂತ ಮೊದಲೇ ಯೋಚಿಸಿ ಬರೆದಿಟ್ಟಿರಬೇಕು.

ಮೌಲ್ಯಗಳ ಪ್ರಶ್ನೆ ಖಂಡಿತ ನೋಡಿಕೊಳ್ಳಿ. ಕ್ಲೈಂಟ್‌ನ ಜೀವನಕ್ರಮ ಕೌನ್ಸೆಲರ್‌ನ ನಂಬಿಕೆಗೆ ಒಗ್ಗುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಬೇರೆಯವರ ಬಳಿ ಕಳಿಸುವಂತಿಲ್ಲ. ಸಾಮರ್ಥ್ಯದ ಕೊರತೆ ಇದ್ದರೆ ಮಾತ್ರ ಕಳಿಸಬಹುದು. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಪ್ರಶ್ನೆ ಕಟ್ಟುತ್ತಾರೆ.

ಟಾರಾಸಾಫ್ ಪ್ರಕರಣ ಮರೆಯಬೇಡಿ, ಅಪಾಯದಲ್ಲಿರುವವರಿಗೆ ಎಚ್ಚರಿಕೆ ಕೊಡಬೇಕು ಅನ್ನುವ ತೀರ್ಪು.

ಬರಪೊಳೆ, ಪೊನ್ನಂಪೇಟೆ

ಹಾರಂಗಿ ಸರ್, ಕೊನೆಯ ಸಾಲಿಗೆ ಸ್ವಲ್ಪ ಸೇರಿಸಬೇಕು, ಯಾಕೆಂದರೆ ಪ್ರಶ್ನೆ ಬರುವುದು ಅಲ್ಲಿಯೇ. ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಎರಡು ಸಲ ತೀರ್ಪು ಕೊಟ್ಟಿದೆ. 1974ರಲ್ಲಿ ಹೇಳಿದ್ದು ಎಚ್ಚರಿಸುವ ಕರ್ತವ್ಯ. 1976ರಲ್ಲಿ ಅದನ್ನು ರಕ್ಷಿಸುವ ಕರ್ತವ್ಯ ಅಂತ ವಿಸ್ತರಿಸಿತು. ಪೊಲೀಸರಿಗೆ ತಿಳಿಸುವುದು, ಬಲಿಯಾಗಬಹುದಾದವರಿಗೆ ತಿಳಿಸುವುದು ಅಥವಾ ಸಂದರ್ಭಕ್ಕೆ ತಕ್ಕ ಬೇರೆ ಕ್ರಮ, ಯಾವುದೂ ಆಗಬಹುದು. ಆ ಕೇಸಿನಲ್ಲಿ ಚಿಕಿತ್ಸಕರು ಕ್ಯಾಂಪಸ್ ಪೊಲೀಸರಿಗೆ ಹೇಳಿದ್ದರು, ಕ್ಲೈಂಟ್ ಕೊಲ್ಲುತ್ತೇನೆ ಅಂದಿದ್ದ ಟಾರಾಸಾಫ್ ಅನ್ನುವ ಹುಡುಗಿಗಾಗಲಿ ಅವಳ ಮನೆಯವರಿಗಾಗಲಿ ಹೇಳಿರಲಿಲ್ಲ. 'ಏನೂ ಮಾಡಲಿಲ್ಲ' ಅನ್ನುವ ಆಯ್ಕೆ ಬಂದರೆ ಅದು ತಪ್ಪು.

ನೀವು ಹೋಗುತ್ತಿರುವುದು ಟೆಕ್ಸಾಸ್‌ಗೆ, ಅಲ್ಲಿಯ ಕಥೆಯೇ ಬೇರೆ. ಥಾಪರ್ ವಿರುದ್ಧ ಝೆಜುಲ್ಕಾ ಪ್ರಕರಣದಲ್ಲಿ 1999ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಮೂರನೆಯವರನ್ನು ಎಚ್ಚರಿಸುವ ಕರ್ತವ್ಯವನ್ನು ಒಪ್ಪಲಿಲ್ಲ. ಅಲ್ಲಿನ ಕಾನೂನಿನ ಪ್ರಕಾರ ವೈದ್ಯಕೀಯ ಸಿಬ್ಬಂದಿಗೆ ಅಥವಾ ಪೊಲೀಸರಿಗೆ ತಿಳಿಸಬಹುದು. ಆದರೆ ಇದನ್ನು ಎನ್‌ಸಿಇಯಲ್ಲಿ ಬರೆಯಬೇಡಿ. ಎನ್‌ಸಿಇ ಇಡೀ ದೇಶದ್ದು, ಅದಕ್ಕೆ ಸಾಮಾನ್ಯ ತತ್ವ ಸಾಕು. ಟೆಕ್ಸಾಸ್ ಕಾನೂನಿಗೆ ಜ್ಯೂರಿಸ್‌ಪ್ರುಡೆನ್ಸ್ ಅಂತ ಬೇರೆ ಪರೀಕ್ಷೆ ಇದೆ. ಎರಡಕ್ಕೂ ಎರಡು ನೋಟ್‌ಬುಕ್ ಇಡಿ. ಹಾಗೆಯೇ ನಮ್ಮ ಪೋಕ್ಸೊ, 2017ರ ಮಾನಸಿಕ ಆರೋಗ್ಯ ಕಾಯ್ದೆ ಇವನ್ನು ಆ ಕೋಣೆಗೆ ಒಯ್ಯಲೇಬೇಡಿ.

ಇನ್ನೊಂದು ಜೋಡಿ: ಗೋಪ್ಯತೆ ಮತ್ತು ವಿಶೇಷಾಧಿಕಾರ (ಪ್ರಿವಿಲೇಜ್). ಗೋಪ್ಯತೆ ಕೌನ್ಸೆಲರ್‌ನ ನೈತಿಕ ಹೊಣೆ. ಪ್ರಿವಿಲೇಜ್ ಅನ್ನುವುದು ಕೋರ್ಟಿನ ಮಾತು, ಸೆಷನ್‌ನಲ್ಲಿ ಆಡಿದ್ದು ಅಲ್ಲಿ ಹೊರಬರದಂತೆ ತಡೆಯುವ ಹಕ್ಕು; ಅದು ಕ್ಲೈಂಟ್‌ನ ಸ್ವತ್ತು, ಬಿಟ್ಟುಕೊಡುವುದೂ ಕ್ಲೈಂಟ್‌ನೇ. ಗುಂಪು ಚಿಕಿತ್ಸೆಯಲ್ಲಿ ಕೌನ್ಸೆಲರ್ ತನ್ನ ಕಡೆಯಿಂದ ಮಾತ್ರ ಗೋಪ್ಯತೆಯ ಭರವಸೆ ಕೊಡಬಲ್ಲ, ಉಳಿದ ಸದಸ್ಯರ ಬಾಯಿಗೆ ಖಾತರಿ ಕೊಡಲಾಗುವುದಿಲ್ಲ, ಅದನ್ನು ಮೊದಲೇ ಹೇಳಿರಬೇಕು. ಕ್ಲೈಂಟ್ ತೀರಿಕೊಂಡ ಮೇಲೂ ಗೋಪ್ಯತೆ ಮುಂದುವರಿಯುತ್ತದೆ.

ಏಲಕ್ಕಿ, ವಿರಾಜಪೇಟೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಇಲ್ಲೇ ಎಂಎಸ್‌ಸಿ ಸೈಕಾಲಜಿ ಓದುತ್ತಿರುವುದು. ಭಾರತದಲ್ಲಿ ಕೆಲಸ ಮಾಡಲು ಇಂಥ ಪರೀಕ್ಷೆ ಇದೆಯಾ?

ಬರಪೊಳೆ, ಪೊನ್ನಂಪೇಟೆ

ಆಪ್ತಸಮಾಲೋಚಕರಿಗೆ ಅಂತಲೇ ಎನ್‌ಸಿಇ ಥರದ ರಾಷ್ಟ್ರಮಟ್ಟದ ಲೈಸೆನ್ಸ್ ಪರೀಕ್ಷೆ ಇಲ್ಲಿ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ಮಾನ್ಯತೆಯ ತರಬೇತಿ ಮುಗಿಸಿ ನೋಂದಣಿ ಮಾಡಿಸಬೇಕು, 1992ರ ಕಾಯ್ದೆ. ಪಾಠ ಮಾಡುವ ಆಸೆ ಇದ್ದರೆ ಯುಜಿಸಿ ನೆಟ್: ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ಮೂರು ಗಂಟೆ. ಮೇಲೆ ಹೇಳಿದ ಥಿಯರಿಗಳು ಅಲ್ಲೂ ಕೆಲಸಕ್ಕೆ ಬರುತ್ತವೆ, ಎಸಿಎ ಸಂಹಿತೆಯ ಕಲಂ ಸಂಖ್ಯೆ ಬೇಕಾಗುವುದಿಲ್ಲ. ಬೇರೆ ಪ್ರಶ್ನೆ ಇದ್ದರೆ ಬೇರೆ ಎಳೆ ಶುರು ಮಾಡಿ, ಇಲ್ಲಿ ಕಲಸಿಹೋಗುತ್ತದೆ.

ಮಂಜುಮುಸುಕು, ಸೋಮವಾರಪೇಟೆ

ಎಲ್ಲರಿಗೂ ತುಂಬ ಧನ್ಯವಾದ. ಎರಡು ಸಂದೇಹ ಉಳಿದಿವೆ. ನೆಂಟರು "ನೀನು ಕೌನ್ಸೆಲರ್ ಅಲ್ವಾ, ನಮ್ಮ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳು" ಅನ್ನುವುದಕ್ಕೆ ಸಂಹಿತೆ ಏನು ಹೇಳುತ್ತದೆ? ಮತ್ತೆ, ವಕೀಲರಿಂದ ಸಬ್‌ಪೀನಾ (ಸಾಕ್ಷ್ಯ ಅಥವಾ ದಾಖಲೆ ಕೇಳುವ ಸಮನ್ಸ್) ಬಂದರೆ ಫೈಲ್ ಕೊಡಬೇಕು ಅನ್ನುವ ಆಯ್ಕೆಯನ್ನೇ ನಾನು ಗುರುತು ಹಾಕುತ್ತೇನೆ, ಅದು ತಪ್ಪು ಅಂತ ಬರುತ್ತದೆ. ಯಾಕೆ?

ಹಾರಂಗಿ, ಕುಶಾಲನಗರ

ನೆಂಟರ ವಿಷಯಕ್ಕೆ ಎರಡು ಪದರ ಇದೆ. ವಸ್ತುನಿಷ್ಠವಾಗಿ ಇರಲು ಸಾಧ್ಯವಿಲ್ಲದ ಸ್ನೇಹಿತರು, ಕುಟುಂಬದವರ ಜೊತೆ ಕೌನ್ಸೆಲಿಂಗ್ ಸಂಬಂಧ ನಿಷಿದ್ಧ. ದೂರದ, ಹಳೆಯ, ಮೇಲುಮೇಲಿನ ಪರಿಚಯ ಆದರೆ ಅಪಾಯ ಮತ್ತು ಪ್ರಯೋಜನ ತೂಗಿ ನಿರ್ಧಾರ. ನಿಮ್ಮ ಚಿಕ್ಕಪ್ಪನ ಮಗ ಮೊದಲನೆಯದಕ್ಕೆ ಸೇರುತ್ತಾನೆ, ತಂದೆಯ ಹಳೆಯ ಸಹಪಾಠಿಯ ಮೊಮ್ಮಗ ಎರಡನೆಯದಕ್ಕೆ. ಪ್ರಶ್ನೆಯಲ್ಲಿ ಸಂಬಂಧ ಎಷ್ಟು ಹತ್ತಿರದ್ದು ಅಂತ ಒಂದು ಪದದಲ್ಲಿ ಹೇಳಿರುತ್ತಾರೆ, ಅದರ ಕೆಳಗೆ ಗೆರೆ ಎಳೆಯಿರಿ. ನಿಮ್ಮ ಮನೆಯಲ್ಲಿ ಕೇಳಿದವರಿಗಂತೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಕೊಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಸಬ್‌ಪೀನಾ ವಿಷಯ ಬರಪೊಳೆಯವರು ಹೇಳಿದ ಪ್ರಿವಿಲೇಜ್‌ಗೇ ಅಂಟಿಕೊಂಡಿದೆ. ವಕೀಲರು ಕಳಿಸಿದ ಸಬ್‌ಪೀನಾ ಮತ್ತು ನ್ಯಾಯಾಧೀಶರ ಆದೇಶ ಒಂದೇ ಅಲ್ಲ. ಸಬ್‌ಪೀನಾಗೆ ಉತ್ತರ ಕೊಡಲೇಬೇಕು, ಕಸದ ಬುಟ್ಟಿಗೆ ಹಾಕುವಂತಿಲ್ಲ. ಉತ್ತರ ಅಂದರೆ ಫೈಲ್ ಅಲ್ಲ. ಮೊದಲು ಕ್ಲೈಂಟ್‌ಗೆ ತಿಳಿಸಿ ಬರಹದ ಒಪ್ಪಿಗೆ ಕೇಳಬೇಕು. ಒಪ್ಪದಿದ್ದರೆ ಪ್ರಿವಿಲೇಜ್ ಮುಂದಿಟ್ಟು, ತಮ್ಮ ವಕೀಲರ ಸಲಹೆ ಪಡೆದು, ಬಹಿರಂಗವನ್ನು ತಡೆಯಲು ಕೋರ್ಟನ್ನು ಕೇಳಬೇಕು. ನ್ಯಾಯಾಧೀಶರೇ ಆದೇಶ ಮಾಡಿದರೆ ಕೊಡಬೇಕು, ಆಗಲೂ ಕೇಳಿದಷ್ಟು ಮಾತ್ರ, ಆದಷ್ಟು ಕಡಿಮೆ. ಆಯ್ಕೆಗಳಲ್ಲಿ 'ಇಡೀ ದಾಖಲೆ ಕಳಿಸಿ' ಮತ್ತು 'ನಿರ್ಲಕ್ಷಿಸಿ' ಎರಡೂ ಇರುತ್ತವೆ, ಎರಡನ್ನೂ ಹೊಡೆದುಹಾಕಿ.

ಕಾಫಿಹೂ, ಮಡಿಕೇರಿ

ಸಮಯದ ಬಗ್ಗೆ ನೀವು ಕೇಳಿದ್ದು ಉಳಿದುಹೋಗಿದೆ. ಪ್ರಶ್ನೆಗೆ 67 ಸೆಕೆಂಡ್ ಸಿಗುತ್ತದೆ. ಅಣಕು ಪರೀಕ್ಷೆಯಲ್ಲಿ 75 ನಿಮಿಷಕ್ಕೆ 67ನೇ ಪ್ರಶ್ನೆ, 150ಕ್ಕೆ 134ನೇ ಪ್ರಶ್ನೆ ದಾಟಿರಬೇಕು. ಪೂರ್ತಿ 200ನ್ನು ಒಂದೇ ಕೂತಲ್ಲಿ ಮಾಡಿ. ಐವತ್ತೈವತ್ತಾಗಿ ಒಡೆದು ಮಾಡಿದರೆ ಕೊನೆಯ ಗಂಟೆಯ ಸುಸ್ತು ಎಷ್ಟು ಅಂತ ಗೊತ್ತೇ ಆಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್, ನೆಟ್ ಎರಡನ್ನೂ ನಂಬುವ ಹಾಗಿಲ್ಲ, ಆದ್ದರಿಂದ ಪ್ರಶ್ನೆಗಳನ್ನು ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ.

ತಪ್ಪಾದ ಪ್ರಶ್ನೆಗಳನ್ನು ಮೂರು ಗುಂಪು ಮಾಡಿ: ಗೊತ್ತೇ ಇರಲಿಲ್ಲ, ಪ್ರಶ್ನೆ ಸರಿಯಾಗಿ ಓದಲಿಲ್ಲ, ಎರಡರಲ್ಲಿ ತಪ್ಪನ್ನು ಆರಿಸಿದೆ. ಮೊದಲ ಗುಂಪಿಗೆ ಮಾತ್ರ ಪುಸ್ತಕ ತೆರೆಯಿರಿ. ಎರಡನೆಯದಕ್ಕೆ 'ಹೊರತುಪಡಿಸಿ', 'ಮೊದಲು' ಅನ್ನುವ ಪದಗಳ ಸುತ್ತ ಪೆನ್ಸಿಲ್ ಗುರುತು. ಮೂರನೆಯದಕ್ಕೆ, ಬಿಟ್ಟ ಆಯ್ಕೆ ಯಾವ ಪ್ರಶ್ನೆಗೆ ಸರಿ ಉತ್ತರ ಆಗುತ್ತಿತ್ತು ಅಂತ ಒಂದು ಸಾಲು ಬರೆಯಿರಿ. ಗ್ಲಾಸರ್ ಬದಲು ಆಡ್ಲರ್ ಅಂತ ಗುರುತು ಹಾಕಿದ್ದರೆ, ಆಡ್ಲರ್ ಸರಿಯಾಗುವ ಹಾಗೆ ಅದೇ ಪ್ರಶ್ನೆಯನ್ನು ತಿದ್ದಿ ಬರೆಯಿರಿ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಥಿಯರಿ ಮುಗಿಸಿಕೊಂಡರೆ ಪುತ್ತರಿ ತನಕ ಅಣಕು ಪರೀಕ್ಷೆ ಮತ್ತು ಈ ನೋಟ್‌ಬುಕ್‌ಗೆ ಸಮಯ ಸಿಗುತ್ತದೆ. ಕಾಫಿ ಕುಯ್ಯುವುದು ಶುರುವಾದ ಮೇಲೆ ಮನೆಯಲ್ಲಿ ಯಾರೂ ನಿಮ್ಮನ್ನು ಓದಲು ಬಿಡುವುದಿಲ್ಲ.